ಕೇಬಲ್ ಬಿಗಿಯುವ ಮೊದಲು ಕಂಬ ನೋಡಿ

ಮನೆಯ ಹೊರಗಿನ ಡೆಕ್‌ಗೆ (ಹಲಗೆ ಹಾಸಿದ ಜಗಲಿಗೆ) ಕೇಬಲ್ ರೇಲಿಂಗ್, ಅಂದರೆ ಕಂಬಗಳ ನಡುವೆ ಉಕ್ಕಿನ ಕೇಬಲ್‌ಗಳನ್ನು ಅಡ್ಡಡ್ಡಲಾಗಿ ಎಳೆದು ಕಟ್ಟಿದ ತಡೆ, ಹಾಕಿಸಿದವರ ದೂರು ಹೆಚ್ಚಾಗಿ ಒಂದೇ. ಕೇಬಲ್ ಸಡಿಲ ಆಗಿದೆ, ಎಷ್ಟು ತಿರುಗಿಸಿದರೂ ಬಿಗಿ ನಿಲ್ಲುತ್ತಿಲ್ಲ. ಹೋಗಿ ನೋಡಿದರೆ ಕೇಬಲ್ ಸರಿಯಾಗೇ ಇರುತ್ತದೆ, ಬಾಗಿರುವುದು ತುದಿಯ ಕಂಬ.

ಲೆಕ್ಕ ಹಾಕಿ ನೋಡಿ. ಒಂದೊಂದು ಕೇಬಲ್‌ಗೆ ಸುಮಾರು 100 ಕೆ.ಜಿ. ಎಳೆತ ಅಂತ ಇಟ್ಟುಕೊಳ್ಳೋಣ. ಮೂರಡಿ ಎತ್ತರದ ರೇಲಿಂಗ್‌ಗೆ ಹತ್ತು-ಹನ್ನೊಂದು ಸಾಲು ಬೇಕು. ಅಲ್ಲಿಗೆ ತುದಿ ಕಂಬವನ್ನು ಹೆಚ್ಚುಕಡಿಮೆ ಒಂದು ಟನ್ ಹಗಲೂ ರಾತ್ರಿ ಒಳಗೆ ಎಳೆಯುತ್ತಲೇ ಇರುತ್ತದೆ. ನಡುವಿನ ಕಂಬಗಳಿಗೆ ಈ ಕಷ್ಟ ಇಲ್ಲ, ಕೇಬಲ್ ಅವುಗಳ ತೂತಿನಲ್ಲಿ ಸುಮ್ನೆ ಹಾದುಹೋಗುತ್ತದೆ. ಆದ್ದರಿಂದ ತುದಿ ಮತ್ತು ಮೂಲೆ ಕಂಬಗಳು ದಪ್ಪ ಇರಲಿ, ಡೆಕ್‌ನ ಚೌಕಟ್ಟಿಗೆ ಬೋಲ್ಟ್ ಹಾಕಿ ಕೂರಿಸಿ, ಹಿಂದೆ ಮರದ ತುಂಡಿನ ಆಸರೆ ಕೊಡಿ. ಮೇಲಿನ ಕೈಪಟ್ಟಿಯೂ ಇಲ್ಲಿ ಕೆಲಸ ಮಾಡುತ್ತದೆ: ಕಂಬಗಳ ನಡುವೆ ಒತ್ತಿ ಕೂತು ಅವುಗಳ ತಲೆ ಒಳಗೆ ವಾಲದಂತೆ ತಡೆಯುತ್ತದೆ. ಅದನ್ನು ಕೂರಿಸದೆ ಕೇಬಲ್ ಮುಟ್ಟಲೇಬೇಡಿ.

ಇನ್ನು ಅಂತರ. ಕೇಬಲ್ ಸಾಲುಗಳ ನಡುವೆ 3 ಇಂಚು ಇಟ್ಟರೂ, ಒತ್ತಿದಾಗ ಅದು ಹಿಗ್ಗುತ್ತದೆ. ಸಾಮಾನ್ಯವಾಗಿ ನೋಡುವ ಪರೀಕ್ಷೆ ಅಂದರೆ 4 ಇಂಚಿನ ಚೆಂಡು ತೂರಬಾರದು, ಮಗುವಿನ ತಲೆ ಸಿಕ್ಕಿಕೊಳ್ಳಬಾರದು ಅಂತ. 100 ಕೆ.ಜಿ. ಎಳೆತದ ಉದ್ದ ಕೇಬಲ್ ಅನ್ನು 4 ಅಡಿ ಅಂತರದ ಎರಡು ಕಂಬಗಳ ನಡುವೆ 10 ಕೆ.ಜಿ. ಬಲದಲ್ಲಿ ಒತ್ತಿದರೆ ಸುಮಾರು 30 ಮಿ.ಮೀ. ಜಗ್ಗುತ್ತದೆ. ಅದೇ ಅಂತರವನ್ನು 2 ಅಡಿಗೆ ಇಳಿಸಿದರೆ ಜಗ್ಗುವುದು ಅರ್ಧ ಮಾತ್ರ. ಎಳೆತವನ್ನು ದುಪ್ಪಟ್ಟು ಮಾಡಿದರೂ ಇಷ್ಟೇ ಲಾಭ, ಆದರೆ ಆಗ ತುದಿ ಕಂಬದ ಮೇಲೆ ಎರಡು ಟನ್ ಬೀಳುತ್ತದೆ! ಯಾವುದು ಸುಲಭ ಅಂತ ನೀವೇ ಹೇಳಿ. ಎರಡು ಕಂಬಗಳ ನಡುವೆ ಕೇಬಲ್ ತೂರಿಸಲು ತೂತು ಕೊರೆದ ತೆಳ್ಳಗಿನ ಪಟ್ಟಿ ನಿಲ್ಲಿಸಿದರೂ ಸಾಕು, ಅದು ಭಾರ ಹೊರಬೇಕಿಲ್ಲ.

ಕೇಬಲ್ 316 ದರ್ಜೆಯ (ತುಕ್ಕನ್ನು ಹೆಚ್ಚು ತಡೆಯುವ) ಸ್ಟೇನ್‌ಲೆಸ್ ಸ್ಟೀಲ್ ಇರಲಿ, ಸಮುದ್ರದ ಗಾಳಿ ಬರುವ ಕಡೆಯಂತೂ ಕಡ್ಡಾಯ. 19 ಎಳೆಗಳನ್ನು ಒಂದೇ ಹುರಿಯಾಗಿ ಹೊಸೆದದ್ದನ್ನೇ ಕೇಳಿ ತನ್ನಿ, ಬಳುಕುವ ಹಗ್ಗದಂಥದ್ದು ಜಾಸ್ತಿ ಹಿಗ್ಗುತ್ತದೆ. ಕತ್ತರಿಸುವ ಜಾಗಕ್ಕೆ ಟೇಪ್ ಸುತ್ತಿ, ಒಳ್ಳೆ ಕೇಬಲ್ ಕಟರ್‌ನಲ್ಲಿ ಕತ್ತರಿಸಿ. ತುದಿ ಬಿಚ್ಚಿಕೊಂಡರೆ ಫಿಟ್ಟಿಂಗ್ (ಕೇಬಲ್ ತುದಿಯನ್ನು ಕಂಬಕ್ಕೆ ಹಿಡಿಸುವ, ನಟ್ ತಿರುಗಿಸಿ ಬಿಗಿಯುವ ಭಾಗ) ಒಳಗೆ ಹೋಗುವುದೇ ಇಲ್ಲ.

ಬಿಗಿಯುವ ಕ್ರಮದಲ್ಲೇ ಬಹಳ ಜನ ಎಡವುತ್ತಾರೆ. ಮೇಲಿನಿಂದ ಒಂದೊಂದಾಗಿ ಪೂರ್ತಿ ಬಿಗಿಯುತ್ತಾ ಬಂದರೆ, ಕೆಳಗಿನದಕ್ಕೆ ಬರುವಷ್ಟರಲ್ಲಿ ಕಂಬ ಚೂರು ಬಾಗಿ ಮೊದಲು ಬಿಗಿದದ್ದು ಸಡಿಲ ಆಗಿರುತ್ತದೆ. ಕಂಬದ ತಲೆ ಮತ್ತು ಬುಡಕ್ಕೆ ಆಸರೆ ಇದೆ, ಬಾಗುವುದು ನಡುವೆ ಅಲ್ವಾ? ಹಾಗಾಗಿ ನಡುವಿನ ಕೇಬಲ್‌ನಿಂದ ಶುರು ಮಾಡಿ, ಒಂದು ಮೇಲಿನದು, ಒಂದು ಕೆಳಗಿನದು ಅಂತ ಸರದಿಯಲ್ಲಿ ಹೋಗಿ. ಮೊದಲ ಸುತ್ತಿನಲ್ಲಿ ಜೋಲು ತೆಗೆದರೆ ಸಾಕು, ಎರಡನೇ ಸುತ್ತಿನಲ್ಲಿ ನಿಜವಾದ ಬಿಗಿ. ನಟ್ ತಿರುಗಿಸುವಾಗ ಕೇಬಲ್ ಕೂಡ ಜೊತೆಗೇ ಸುತ್ತಿಕೊಳ್ಳುತ್ತದೆ, ಅದನ್ನು ಬಟ್ಟೆ ಸುತ್ತಿದ ಇಕ್ಕಳದಲ್ಲಿ ಅಲುಗದಂತೆ ಹಿಡಿದುಕೊಳ್ಳಿ. ಥ್ರೆಡ್‌ಗೆ ಗ್ರೀಸ್ ಹಚ್ಚಿ, ಕೈ ಸ್ಪ್ಯಾನರ್‌ನಲ್ಲೇ ನಿಧಾನಕ್ಕೆ ತಿರುಗಿಸಿ. ಸ್ಟೇನ್‌ಲೆಸ್ ಥ್ರೆಡ್ ಬಿಸಿಯಾದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ, ಆಮೇಲೆ ಕತ್ತರಿಸಿ ಎಸೆಯುವುದೊಂದೇ ದಾರಿ. ಡ್ರಿಲ್ ಮೆಷಿನ್‌ನಲ್ಲಿ ಬಿಗಿಯುವವರಿಗೆ ಇದು ಬೇಗ ಗೊತ್ತಾಗುತ್ತದೆ.

ಮರದ ಕಂಬವಾದರೆ ನಟ್ ಕೆಳಗೆ ಅಗಲವಾದ ವಾಷರ್ ಇಡಿ. ಇಲ್ಲದಿದ್ದರೆ ಅದು ಮರದೊಳಗೆ ಹೂತುಹೋಗುತ್ತದೆ. ಹೊಸ ಮರ ಒಣಗುತ್ತಾ ಕುಗ್ಗುತ್ತದೆ, ಕೆಲವು ವಾರಗಳ ನಂತರ ಇನ್ನೊಮ್ಮೆ ಬಿಗಿಯಬೇಕಾಗುತ್ತದೆ. ಅದಕ್ಕೇ ಥ್ರೆಡ್ ಅನ್ನು ಮೊದಲ ದಿನವೇ ಪೂರ್ತಿ ಮುಗಿಸಬೇಡಿ, ಮುಂದಕ್ಕೆ ಸ್ವಲ್ಪ ಉಳಿಸಿಕೊಳ್ಳಿ.