ಸೊನ್ನೆ ಅಂದರೆ ಆ ಕಡೆ ನಡೆಯಬೇಡ

ನಿರ್ದೇಶಾಂಕದ ಪಾಠ, ಅಂದರೆ ಒಂದು ಬಿಂದುವಿನ ಜಾಗವನ್ನು ಎರಡು ಸಂಖ್ಯೆಯಲ್ಲಿ ಹೇಳುವ ಪಾಠ, ಶುರು ಮಾಡಿದ ದಿನ ನಾನು ಬೋರ್ಡ್ ಮೇಲೆ ಬರೆಯುವ ಮೊದಲ ಬಿಂದು (0, 4). ಹಿಂದೆಲ್ಲ (3, 2) ಕೊಡುತ್ತಿದ್ದೆ. ಅದು ಎಲ್ಲರಿಗೂ ಬರುತ್ತದೆ. ಎರಡು ಅಕ್ಷ ಸೇರುವ ಮೂಲಬಿಂದುವಿನಿಂದ ಮೂರು ಮನೆ ಬಲಕ್ಕೆ, ಎರಡು ಮನೆ ಮೇಲಕ್ಕೆ, ಮುಗೀತು. ಮಕ್ಕಳು ಎಡವೋದು ಸೊನ್ನೆ ಬಂದಾಗ. ಕಲಬುರಗಿ ಕಡೆಯ ಹೈಸ್ಕೂಲುಗಳಲ್ಲಿ ಇಷ್ಟು ವರ್ಷ ಗಣಿತ ಹೇಳಿಕೊಟ್ಟಿದ್ದೇನೆ. ಪ್ರತಿ ವರ್ಷವೂ ಕೆಲವರು (0, 4) ಅನ್ನು ಎಕ್ಸ್ ಅಕ್ಷದ, ಅಂದರೆ ಅಡ್ಡಗೆರೆಯ ಮೇಲೆ ಗುರುತು ಮಾಡುತ್ತಾರೆ.

ಒಬ್ಬ ಹುಡುಗನನ್ನು ಯಾಕೆ ಅಂತ ಕೇಳಿದೆ. "ಎಕ್ಸ್ ಸೊನ್ನಿ ಅದ ಅಲ್ರೀ ಸರ್, ಅದಕ್ಕ ಎಕ್ಸ್ ಗೆರಿ ಮ್ಯಾಲೆ ಇಟ್ಟೀನ್ರಿ" ಅಂದ. ಸುಮ್ನೆ ಊಹಿಸಿದ್ದಲ್ಲ, ಯೋಚನೆ ಮಾಡಿಯೇ ಇಟ್ಟಿದ್ದಾನೆ. ಎಕ್ಸ್ ಜಾಗದಲ್ಲಿ ಸೊನ್ನೆ ಕಂಡಿತು, ಎಕ್ಸ್ ಹೆಸರಿನ ಗೆರೆ ಹುಡುಕಿದ. ಇಂಥ ತಪ್ಪಿಗೆ ಬರೀ ಕೆಂಪು ಗೆರೆ ಎಳೆದರೆ ಏನೂ ಸರಿಯಾಗೋದಿಲ್ಲ.

ಅವರದು ತೊಗರಿ ಹೊಲ. "ಹೊಲದ ಮೂಲಿಗೆ ನಿಂತೀ ಅಂತ ತಿಳ್ಕೋ. ಬದುವಿನ ಗುಂಟ ಮೂರು ಸಾಲು ದಾಟು. ಆಮೇಲೆ ಸಾಲಿನೊಳಗ ಎರಡು ಹೆಜ್ಜಿ ಹೋಗು. ಅದು (3, 2). ಈಗ ಬದುವಿನ ಗುಂಟ ಸೊನ್ನೆ ಸಾಲು, ಒಳಗ ನಾಲ್ಕು ಹೆಜ್ಜಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಬದುಗುಂಟ ಹೋಗೋದೇ ಇಲ್ಲಲ್ರೀ. ನಿಂತಲ್ಲಿಂದ ಸೀದಾ ಒಳಗ" ಅಂದವನೇ ಎದ್ದು ಬಂದು ಚುಕ್ಕೆ ಅಳಿಸಿ, ವೈ ಅಕ್ಷದ, ಅಂದರೆ ನಿಂತ ಗೆರೆಯ ಮೇಲೆ ಇಟ್ಟ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೊಲದಲ್ಲಿ ನಾವು ನಿಂತ ಸಾಲನ್ನೇ ಒಂದು ಅಂತ ಎಣಿಸುತ್ತೇವೆ. ಗ್ರಾಫ್ ಹಾಳೆಯಲ್ಲಿ ನಿಂತ ಜಾಗ ಸೊನ್ನೆ, ಯಾಕಂದರೆ ಅಲ್ಲಿ ಎಣಿಸೋದು ದಾಟಿದ ದೂರವನ್ನು. ಇದನ್ನು ಬಿಡಿಸಿ ಹೇಳದಿದ್ದರೆ ಕೆಲವರ ಚುಕ್ಕೆ ಯಾವಾಗಲೂ ಒಂದು ಮನೆ ಹಿಂದೆಯೇ ಬೀಳುತ್ತದೆ.

ಚಿಹ್ನೆಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬಲಕ್ಕೆ, ಮೇಲಕ್ಕೆ ಧನ; ಎಡಕ್ಕೆ, ಕೆಳಕ್ಕೆ ಋಣ. ಎರಡು ಅಕ್ಷಗಳು ಹಾಳೆಯನ್ನು ಮಾಡುವ ನಾಲ್ಕು ಭಾಗಗಳ, ಅಂದರೆ ಚತುರ್ಥಕಗಳ, ಚಿಹ್ನೆಯ ಕೋಷ್ಟಕವನ್ನು ಬಾಯಿಪಾಠ ಮಾಡಿಸುವ ಅಗತ್ಯ ನನಗೆ ಕಂಡಿಲ್ಲ.

ಆದರೆ ಯಾವ ಸಂಖ್ಯೆ ಮೊದಲು ಅನ್ನೋದು ದೊಡ್ಡ ವಿಷಯ. ಅದಕ್ಕೆ ಮೊಬೈಲಿನ ಮ್ಯಾಪ್ ಒಳ್ಳೆಯ ಪಾಠ. ಅದರಲ್ಲಿ ಕಲಬುರಗಿ 17.33, 76.83 ಅಂತ ಬರುತ್ತದೆ. ಮೊದಲನೆಯದು ಅಕ್ಷಾಂಶ, ಸಮಭಾಜಕ ವೃತ್ತದಿಂದ ಎಷ್ಟು ಉತ್ತರಕ್ಕೆ ಅಂತ. ಎರಡನೆಯದು ರೇಖಾಂಶ, ಗ್ರೀನಿಚ್‌ನಿಂದ ಎಷ್ಟು ಪೂರ್ವಕ್ಕೆ ಅಂತ. ಅಂದರೆ ಮ್ಯಾಪ್ ವೈ ಬೆಲೆಯನ್ನು ಮೊದಲು ಹೇಳುತ್ತದೆ, ನಮ್ಮ ಪಾಠದಲ್ಲಿ ಎಕ್ಸ್ ಮೊದಲು. ಗ್ರಾಫಿಗೆ ಇಳಿಸುವಾಗ (76.83, 17.33) ಅಂತ ಬರೆಯಬೇಕು. ಮ್ಯಾಪಿನಲ್ಲಿ ಇದೇ ಎರಡು ಸಂಖ್ಯೆ ಅದಲು ಬದಲಾದರೆ ನಮ್ಮೂರು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣ ತುದಿಯ ಹತ್ತಿರ, ಆರ್ಕ್ಟಿಕ್ ಹಿಮದಲ್ಲಿ ಹೋಗಿ ಬೀಳುತ್ತದೆ! ಇದನ್ನು ಮ್ಯಾಪಿನಲ್ಲಿ ತೋರಿಸಿದ ಮೇಲೆ ಕ್ರಮ ಮರೆಯುವ ಮಕ್ಕಳು ಕಡಿಮೆಯಾದರು.

ಕಲಬುರಗಿಯ ಜೊತೆ ಅಕ್ಕಪಕ್ಕದ ಎರಡು ಊರು ಸೇರಿಸಿ, ಮೂರನ್ನೂ ಮಕ್ಕಳ ಕೈಲಿ ಗುರುತು ಮಾಡಿಸಿ. ಬೀದರ್ (77.52, 17.91), ಯಾದಗಿರಿ (77.14, 16.77). ಕಲಬುರಗಿ ಎಡಕ್ಕೆ, ಬೀದರ್ ಬಲಕ್ಕೆ ಮೇಲೆ, ಯಾದಗಿರಿ ಕೆಳಗೆ. ಭೂಮಿ ಗುಂಡಗಿದೆ ನಿಜ, ಆದರೂ ಇಷ್ಟು ಹತ್ತಿರದ ಊರುಗಳಿಗೆ ಒಂದು ಹಾಳೆ ಸಾಕು. ಕಲಬುರಗಿಯಿಂದ ಬೀದರ್‌ಗೆ ಪೂರ್ವಕ್ಕೆ 0.69 ಡಿಗ್ರಿ, ಉತ್ತರಕ್ಕೆ 0.58 ಡಿಗ್ರಿ. ನಮ್ಮ ಭಾಗದಲ್ಲಿ ಪೂರ್ವಕ್ಕೆ ಒಂದು ಡಿಗ್ರಿ ಅಂದರೆ ಸುಮಾರು 106 ಕಿ.ಮೀ., ಉತ್ತರಕ್ಕೆ ಸುಮಾರು 111. ಲೆಕ್ಕ ಮಾಡಿದರೆ 73 ಮತ್ತು 64 ಕಿ.ಮೀ. ಇವೆರಡೂ ಲಂಬಕೋನ ತ್ರಿಭುಜದ ಬಾಹುಗಳು. ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆದರೆ 97. ಹತ್ತನೇ ತರಗತಿಯ ದೂರ ಸೂತ್ರ ಅಂದರೆ ಇಷ್ಟೇ, ಪೈಥಾಗೊರಸ್ ಪ್ರಮೇಯ.

"ಬಸ್ಸಿನಾಗ ಇನ್ನೂ ಜಾಸ್ತಿ ಆಗ್ತದಲ್ರೀ ಸರ್?" ಅಂತ ಒಬ್ಬಳು ಕೇಳಿದಳು. ಆಗಲೇ ಬೇಕು ಅಲ್ವಾ, ಬಸ್ಸು ಹುಮನಾಬಾದ್ ಮೇಲೆ ಹೋಗುತ್ತದೆ. ಹುಮನಾಬಾದ್‌ಗೂ ಒಂದು ಚುಕ್ಕೆ ಇಡು ಅಂದೆ. ಸ್ಕೇಲ್ ತಗೊಂಡು ಕೂತಳು.