ತಣ್ಣೀರ ಕಡಲಿನ ಕಾಡ್ ಮೀನು

ಔಷಧದಂಗಡಿಯ ಹಳದಿ ಬಣ್ಣದ ಕಾಡ್ ಲಿವರ್ ಎಣ್ಣೆಯ ಗುಳಿಗೆಯಿಂದಾಚೆಗೆ ಕಾಡ್ ಮೀನಿನ ಪರಿಚಯ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ನಮ್ಮ ಕರಾವಳಿಯ ಬೂತಾಯಿ ಮಾಂಸದಲ್ಲೇ ಕೊಬ್ಬು ತುಂಬಿಕೊಂಡರೆ, ಉತ್ತರ ಅಟ್ಲಾಂಟಿಕ್‌ನ ಈ ಮೀನು ಅದನ್ನು ಯಕೃತ್ತಿನಲ್ಲಿ ಕೂಡಿಡುತ್ತದೆ. ಜಿಡ್ಡಿಲ್ಲದ ಬಿಳಿ ಮಾಂಸ ಬೇಗ ಕಮಟುವುದಿಲ್ಲವಾದ್ದರಿಂದಲೇ ನಾರ್ವೆಯ ಲೋಫೋಟೆನ್ ದ್ವೀಪಗಳಲ್ಲಿ ಅದನ್ನು ಮರದ ಚೌಕಟ್ಟುಗಳಿಗೆ ತೂಗುಹಾಕಿ, ಉಪ್ಪು ಸೋಕಿಸದೆ, ಚಳಿಗಾಳಿಯಲ್ಲೇ ಒಣಗಿಸುತ್ತಾರೆ.

ಬೆನ್ನಿನ ಮೇಲೆ ಮೂರು ಈಜುರೆಕ್ಕೆ, ಗದ್ದದಲ್ಲಿ ಒಂದೇ ಒಂದು ಮೀಸೆ ಇದರ ಗುರುತು. ಆ ಮೀಸೆಯಿಂದ ಕಡಲ ತಳವನ್ನು ತಡವಿ ಏಡಿ, ಸೀಗಡಿಗಳನ್ನು ಹುಡುಕುತ್ತದೆ; ಹಸಿದರೆ ತನ್ನದೇ ಜಾತಿಯ ಮರಿಗಳನ್ನೂ ಬಿಡುವುದಿಲ್ಲ.

ಕಡಲನೀರು ಹೆಪ್ಪುಗಟ್ಟುವುದು ಸುಮಾರು ಮೈನಸ್ 1.9 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಉಪ್ಪಿನಂಶ ಕಡಿಮೆಯಿರುವ ಮೀನಿನ ರಕ್ತವಾದರೋ ಅದಕ್ಕಿಂತ ಒಂದು ಡಿಗ್ರಿಯಷ್ಟು ಮೊದಲೇ ಹೆಪ್ಪುಗಟ್ಟಬೇಕು. ಕೆನಡಾದ ಪೂರ್ವ ಅಂಚಿನ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸುತ್ತಿನ ಕಡಲ ಚಳಿಗಾಲದಲ್ಲಿ ಕಾಡ್ ಬದುಕುಳಿಯುವುದು ಸಕ್ಕರೆ ಅಂಟಿದ ಒಂದು ಬಗೆಯ ಪ್ರೋಟೀನಿನಿಂದ. ರಕ್ತದಲ್ಲಿ ಹಿಮದ ಹರಳು ಮೂಡುತ್ತಿದ್ದಂತೆ ಈ ಪ್ರೋಟೀನು ಅದರ ಮೈಗೆ ಅಂಟಿಕೊಂಡು ಬೆಳೆಯಗೊಡುವುದಿಲ್ಲ. ಜೀವಲೋಕದಲ್ಲಿ ಇದಕ್ಕಿಂತ ಸೊಗಸಾದ ಹೊಂದಾಣಿಕೆಗಳು ನನಗೆ ತಿಳಿದಂತೆ ಹೆಚ್ಚಿಲ್ಲ.

ನಾರ್ವೆಯ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದ ಕಾಡ್‌ಗಳು ಪ್ರತಿವರ್ಷ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೂರಾರು ಕಿಲೋಮೀಟರ್ ಈಜಿ ಲೋಫೋಟೆನ್‌ಗೆ ಬಂದು ಮೊಟ್ಟೆಯಿಡುತ್ತವೆ. ಗಂಡು ತನ್ನ ಗಾಳಿಚೀಲವನ್ನು ಸ್ನಾಯುಗಳಿಂದ ನಡುಗಿಸಿ ಗುರುಗುಟ್ಟಿ ಹೆಣ್ಣನ್ನು ಕರೆಯುತ್ತದೆ. ದೊಡ್ಡ ಹೆಣ್ಣೊಂದು ಕಂತುಕಂತಾಗಿ ಲಕ್ಷಗಟ್ಟಲೆ ಮೊಟ್ಟೆ ಹಾಕುತ್ತದೆ. ಒಂದೂವರೆ ಮಿಲಿಮೀಟರಿನಷ್ಟಿರುವ ಆ ಮೊಟ್ಟೆಗಳೂ ಅವುಗಳಿಂದ ಹೊರಬಂದ ಮರಿಗಳೂ ಪ್ರವಾಹದೊಂದಿಗೆ ಉತ್ತರಕ್ಕೆ ತೇಲುತ್ತವೆ. ಮರಿ ಹೊರಬರುವ ಹೊತ್ತಿಗೆ ಅದರ ಆಹಾರವಾದ ಕಣ್ಣಿಗೆ ಕಾಣದಷ್ಟು ಸಣ್ಣ ಕಠಿಣಚರ್ಮಿಗಳು (ಸೀಗಡಿಯ ಬಳಗದ ಜೀವಿಗಳು) ನೀರಿನಲ್ಲಿ ತುಂಬಿರಬೇಕು; ಆ ಹೊತ್ತು ತಪ್ಪಿತೋ, ಲಕ್ಷಗಳಲ್ಲಿ ಒಂದೂ ಉಳಿಯದು. ವಯಸ್ಸಾದ ತಾಯಿಮೀನು ಹೆಚ್ಚು ದಿನಗಳವರೆಗೆ ಮೊಟ್ಟೆಯಿಡುವುದರಿಂದ, ಅದರ ಮರಿಗಳಲ್ಲಿ ಕೆಲವಾದರೂ ಸರಿಯಾದ ಹೊತ್ತಿಗೆ ಹುಟ್ಟುವ ಸಂಭವ ಹೆಚ್ಚು.

ಬಲೆಗಳು ಮೊದಲು ಬಾಚಿದ್ದು ಇಂಥ ದೊಡ್ಡ ಮೀನುಗಳನ್ನೇ. 1968ರಲ್ಲಿ ನ್ಯೂಫೌಂಡ್‌ಲ್ಯಾಂಡ್ ಆಚೆಯ ಕಡಲಿನಿಂದ ಸುಮಾರು 8 ಲಕ್ಷ ಟನ್ ಕಾಡ್ ಹಿಡಿಯಲಾಯಿತು. 1992ರ ಜುಲೈನಲ್ಲಿ ಕೆನಡಾ ಈ ಮೀನುಗಾರಿಕೆಯನ್ನೇ ನಿಷೇಧಿಸಬೇಕಾಯಿತು, ಸುಮಾರು 30,000 ಜನ ಕೆಲಸ ಕಳೆದುಕೊಂಡರು. 2024ರಲ್ಲಿ 18,000 ಟನ್ನಿನ ಮಿತಿಯೊಂದಿಗೆ ನಿಷೇಧ ತೆರವಾಗಿದೆ. ಇದು ಅವಸರದ ತೀರ್ಮಾನವೆಂದು ನನ್ನ ಅನಿಸಿಕೆ. ಏಕೆಂದರೆ ಅಲ್ಲಿನ ಕಾಡ್‌ಗೆ ಮುಖ್ಯ ಆಹಾರವಾದ ಕ್ಯಾಪೆಲಿನ್ ಎಂಬ ಪುಟ್ಟ ಮೀನಿನ ಸಂತತಿ 1990ರ ದಶಕದ ಆರಂಭದಲ್ಲಿ ಕುಸಿದದ್ದು, ಇನ್ನೂ ಹಳೆಯ ಮಟ್ಟಕ್ಕೆ ಮರಳಿಲ್ಲ.