ಜೆನೆಟಿಕ್ ಡ್ರಿಫ್ಟ್: ಸಿಮಿಲಿಪಾಲ್‌ನಲ್ಲಿ ಮಾತ್ರ ಕರಿ ಹುಲಿ ಯಾಕೆ?

2021ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಒಡಿಶಾದ ಸಿಮಿಲಿಪಾಲ್ ಕಾಡಿನಲ್ಲಿ ಸುಮಾರು 37% ಹುಲಿಗಳು ‘ಕರಿ ಹುಲಿ’ಗಳಾಗಿದ್ದವು. ಕಬಿನಿಯ ಕರಿಚಿರತೆಯ ಹಾಗೆ ಇವುಗಳ ಮೈಯೆಲ್ಲ ಕಪ್ಪಲ್ಲ. ಪಟ್ಟೆಗಳು ದಪ್ಪವಾಗಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ನಡುವೆ ಹಳದಿಗೆ ಜಾಗ ಕಮ್ಮಿ. ಬೇರೆ ಕಾಡುಗಳ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳನ್ನು ಹುಡುಕಿದರೂ ಇಂಥ ಹುಲಿ ಕಾಣಲಿಲ್ಲ. ಇಲ್ಲಿ ಮಾತ್ರ ಯಾಕೆ? ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್, ವಿನಯ್ ಸಾಗರ್ ಮತ್ತು ಜೊತೆಗಾರರು 2021ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಅವರು ಮುಂದಿಟ್ಟ ಉತ್ತರ ಜೆನೆಟಿಕ್ ಡ್ರಿಫ್ಟ್.

ವಿಕಾಸ ಅಂದ ಕೂಡಲೇ ನಮಗೆ ನೆನಪಾಗುವುದು ನೈಸರ್ಗಿಕ ಆಯ್ಕೆ. ಉಪಯೋಗಕ್ಕೆ ಬರುವ ಗುಣ ಉಳಿಯುತ್ತದೆ, ಬಾರದ್ದು ಹೋಗುತ್ತದೆ ಎನ್ನುವ ಮಾತು. ಅದು ನಿಜ. ಆದರೆ ಯಾವ ಉಪಯೋಗವೂ ಇಲ್ಲದೆ, ಬರೀ ಆಕಸ್ಮಿಕವಾಗಿಯೂ ಒಂದು ಗುಣ ಹೆಚ್ಚಬಹುದು ಅಥವಾ ಅಳಿದುಹೋಗಬಹುದು. ಹೀಗೆ ಜೀನ್‌ನ ಒಂದು ರೂಪದ ಪಾಲು ತಲೆಮಾರಿನಿಂದ ತಲೆಮಾರಿಗೆ ಸುಮ್ನೆ ಏರಿಳಿಯುವುದೇ ಡ್ರಿಫ್ಟ್.

ಇದು ನಡೆಯುವುದು ಹೀಗೆ. ಪ್ರತಿ ಹುಲಿಯಲ್ಲೂ ಒಂದು ಜೀನ್‌ನ ಎರಡು ಪ್ರತಿಗಳಿರುತ್ತವೆ. ಒಂದು ಅಮ್ಮನದು, ಒಂದು ಅಪ್ಪನದು. ಒಂದು ಹೆಣ್ಣುಹುಲಿಯಲ್ಲಿ ಒಂದು ಪ್ರತಿ ಮಾತ್ರ ಬದಲಾಗಿದೆ ಅಂದುಕೊಳ್ಳಿ. ಅದು ಮೂರು ಮರಿ ಹಾಕಿತು. ಪ್ರತಿ ಮರಿಗೂ ಬದಲಾದ ಪ್ರತಿ ಸಿಗುವ ಸಾಧ್ಯತೆ ಅರ್ಧ. ಹಾಗಾಗಿ ಮೂರರಲ್ಲಿ ಒಂದಕ್ಕೂ ಸಿಗದಿರುವ ಸಾಧ್ಯತೆ ಎಂಟರಲ್ಲಿ ಒಂದು. ಮೂರಕ್ಕೂ ಸಿಗುವ ಸಾಧ್ಯತೆಯೂ ಅಷ್ಟೇ. ಸಾವಿರಾರು ಹುಲಿಗಳಿರುವ ಕಾಡಿನಲ್ಲಿ ಇಂಥ ಏರುಪೇರು ಒಂದನ್ನೊಂದು ಸರಿದೂಗಿಸುತ್ತದೆ. ಮರಿ ಹಾಕುವ ಹುಲಿಗಳು ಹತ್ತೇ ಇದ್ದರೆ? ಒಂದು ಹುಲಿಯ ಸಂಸಾರದಲ್ಲಿ ಆದದ್ದು ಇಡೀ ಕಾಡಿನ ಲೆಕ್ಕವನ್ನೇ ಬದಲಿಸಿಬಿಡುತ್ತದೆ. ಈ ಲೆಕ್ಕಕ್ಕೆ ಗಟ್ಟಿ ಗಣಿತ ಕೊಟ್ಟವರಲ್ಲಿ ಮುಖ್ಯರು ಅಮೆರಿಕದ ಸೂಯಲ್ ರೈಟ್. ಅವರ ಪ್ರಸಿದ್ಧ ಪ್ರಬಂಧ ಬಂದದ್ದು 1931ರಲ್ಲಿ. ಆ ಗಣಿತದ ಪ್ರಕಾರ, ಹತ್ತು ಪ್ರಾಣಿಗಳ ಗುಂಪು ತನ್ನ ಜೀನ್ ವೈವಿಧ್ಯದಲ್ಲಿ ತಲೆಮಾರಿಗೆ ಸುಮಾರು 5% ಕಳೆದುಕೊಳ್ಳುತ್ತದೆ. ಸಾವಿರ ಪ್ರಾಣಿಗಳ ಗುಂಪು ಕಳೆದುಕೊಳ್ಳುವುದು 0.05% ಮಾತ್ರ.

ಕಾಗದದ ಮೇಲಿನ ಈ ಮಾತನ್ನು ಕಣ್ಣಿಗೆ ಕಾಣಿಸಿದ್ದು ಪೀಟರ್ ಬ್ಯೂರಿ 1956ರಲ್ಲಿ ಪ್ರಕಟಿಸಿದ ಪ್ರಯೋಗ. ನನಗೆ ತುಂಬಾ ಇಷ್ಟವಾದದ್ದು ಇದು. ಹಣ್ಣುನೊಣಗಳ 107 ಗುಂಪು. ಪ್ರತಿ ತಲೆಮಾರಿನಲ್ಲೂ ಪ್ರತಿ ಗುಂಪಿನಿಂದ 8 ಗಂಡು, 8 ಹೆಣ್ಣು ನೊಣಗಳನ್ನು ಆರಿಸದೆ ಎತ್ತಿಕೊಂಡು ಮುಂದಿನ ತಲೆಮಾರು ಬೆಳೆಸಿದರು. ಕಣ್ಣಿನ ಬಣ್ಣದ ಒಂದು ಜೀನ್‌ನ ಎರಡು ರೂಪಗಳು ಶುರುವಿನಲ್ಲಿ ಎಲ್ಲ ಗುಂಪಿನಲ್ಲೂ ಅರ್ಧರ್ಧ ಇದ್ದವು. 19 ತಲೆಮಾರು ಕಳೆಯುವ ಹೊತ್ತಿಗೆ 30 ಗುಂಪುಗಳಲ್ಲಿ ಒಂದು ರೂಪ ಪೂರ್ತಿ ಅಳಿದಿತ್ತು. 28 ಗುಂಪುಗಳಲ್ಲಿ ಅದೇ ರೂಪ ಮಾತ್ರ ಉಳಿದಿತ್ತು. 30 ಮತ್ತು 28, ಎರಡೂ ಎಷ್ಟು ಹತ್ತಿರ ನೋಡಿ! ಒಂದು ರೂಪ ಇನ್ನೊಂದಕ್ಕಿಂತ ಮೇಲಾಗಿದ್ದರೆ ಅಂಕಿಗಳು ಒಂದೇ ಕಡೆ ವಾಲುತ್ತಿದ್ದವು, ಅಲ್ವಾ?

ಈಗ ಹುಲಿಗಳಿಗೆ ಬರೋಣ. ಸಂಶೋಧಕರು ಮೊದಲು ಮೃಗಾಲಯದ ಹುಲಿಗಳ ವಂಶಾವಳಿ ಮತ್ತು ಡಿಎನ್‌ಎ ನೋಡಿ ಕಾರಣವಾದ ಜೀನ್ ಹುಡುಕಿದರು. ಟ್ಯಾಕ್‌ಪೆಪ್ ಎನ್ನುವ ಜೀನ್‌ನಲ್ಲಿ ಒಂದೇ ಒಂದು ಬದಲಾವಣೆ. ಆಫ್ರಿಕಾದ ಕಿಂಗ್ ಚೀತಾಗಳ ದಪ್ಪ ಮಚ್ಚೆಗಳಿಗೂ ಇದೇ ಜೀನ್‌ನ ಬದಲಾವಣೆಯೇ ಕಾರಣ. ಹುಲಿಯ ಎರಡೂ ಪ್ರತಿ ಬದಲಾಗಿದ್ದರೆ ಮಾತ್ರ ಪಟ್ಟೆ ದಪ್ಪವಾಗುತ್ತದೆ. ಒಂದೇ ಬದಲಾಗಿದ್ದರೆ ಹುಲಿ ಮಾಮೂಲಿಯಾಗೇ ಕಾಣುತ್ತದೆ.

ಆಮೇಲೆ ಕಾಡಿನ ಹುಲಿಗಳನ್ನು ಮುಟ್ಟದೆಯೇ ಮಾದರಿಗಳನ್ನು ಸಂಗ್ರಹಿಸಿದರು. ಕಾಡಿನಲ್ಲಿ ಬಿದ್ದ ಹುಲಿಯ ಮಲದಲ್ಲೂ ಡಿಎನ್‌ಎ ಸಿಗುತ್ತದೆ. ಬೇರೆ ಕಡೆಗಳ 395 ಹುಲಿಗಳಲ್ಲಿ ಒಂದರಲ್ಲೂ ಈ ಬದಲಾವಣೆ ಇರಲಿಲ್ಲ. ಸಿಮಿಲಿಪಾಲ್‌ನ 12 ಹುಲಿಗಳಲ್ಲಿ ಈ ಜೀನ್‌ನ ಒಟ್ಟು ಪ್ರತಿಗಳ ಪೈಕಿ ಬದಲಾದವುಗಳ ಪಾಲು 58%. ಎರಡೂ ಪ್ರತಿ ಬದಲಾಗಿರುವ ಹುಲಿ ಎಷ್ಟಿರಬೇಕು ಎಂದು ತಿಳಿಯಲು 0.58ನ್ನು ಅದರಿಂದಲೇ ಗುಣಿಸಿ. ಸುಮಾರು 34% ಬರುತ್ತದೆ. ಎಣಿಸಿದ 37%ಗೆ ಹತ್ತಿರವೇ ಇದೆ.

ಸಿಮಿಲಿಪಾಲ್‌ನ ದಟ್ಟ ಕಾಡಿನಲ್ಲಿ ಅಡಗಲು ಕಪ್ಪು ಬಣ್ಣ ಅನುಕೂಲ, ಅದಕ್ಕೇ ಕರಿ ಹುಲಿ ಜಾಸ್ತಿ ಎನ್ನುವ ವಿವರಣೆ ಕೇಳಲು ಚೆನ್ನಾಗಿದೆ. ಕಂಡದ್ದಕ್ಕೆಲ್ಲ ಒಂದು ಉಪಯೋಗ ಹುಡುಕುವ ಈ ಅವಸರ ಒಳ್ಳೆಯದಲ್ಲ ಅಂತ ನನಗನಿಸುತ್ತದೆ. ಸಿಮಿಲಿಪಾಲ್‌ನಲ್ಲಿ ಹುಲಿಗಳು ಕಮ್ಮಿ. ಬೇರೆ ಕಾಡಿನ ಹುಲಿಗಳ ಜೊತೆ ಅವುಗಳ ಬೆರಕೆಯೂ ತೀರಾ ಕಮ್ಮಿ. ಕೆಲವೇ ಹುಲಿಗಳಿಂದ ಶುರುವಾದ ಗುಂಪಿನಲ್ಲಿ ಬರೀ ಡ್ರಿಫ್ಟ್‌ನಿಂದಲೇ ಇಷ್ಟು ದೊಡ್ಡ ವ್ಯತ್ಯಾಸ ಬರಬಹುದೇ ಎಂದು ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿದಾಗ, ಬರಬಹುದು ಎಂದೇ ತೋರಿತು. ಆಯ್ಕೆಯ ಪಾತ್ರ ಇಲ್ಲವೇ ಇಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಅದಿಲ್ಲದೆಯೂ ಕಾರಣ ಸಾಲುತ್ತದೆ.

ಪಟ್ಟೆ ನಮ್ಮ ಕಣ್ಣಿಗೆ ಕಾಣುವುದರಿಂದ ಇದು ಗೊತ್ತಾಯಿತು. ಅದೇ ಡ್ರಿಫ್ಟ್ ಹಾನಿ ಮಾಡುವ ಜೀನ್ ರೂಪಗಳನ್ನೂ ಹೀಗೇ ಹೆಚ್ಚಿಸಬಲ್ಲದು. ಸಣ್ಣ ಗುಂಪಿನಲ್ಲಿ ನೆಂಟರ ನಡುವೆಯೇ ಸಂತಾನ ಆಗುವುದರಿಂದ ಅಂಥ ಎರಡು ಪ್ರತಿಗಳು ಒಂದೇ ಮರಿಯಲ್ಲಿ ಸೇರುವುದೂ ಜಾಸ್ತಿ. ಚಿಂತೆಯಾಗಬೇಕಾದದ್ದು ಇದು, ಬಣ್ಣವಲ್ಲ.

ಹೊರಗಿನ ರಕ್ತ ಸೇರಿಸುವುದು ಇದಕ್ಕೆ ಮದ್ದು. ತಲೆಮಾರಿಗೆ ಹೊರಗಿನ ಒಂದು ಪ್ರಾಣಿ ಬಂದು ಸಂತಾನ ಪಡೆದರೂ ಡ್ರಿಫ್ಟ್‌ನ ಹಿಡಿತ ಸಾಕಷ್ಟು ಸಡಿಲವಾಗುತ್ತದೆ ಎನ್ನುವ ಲೆಕ್ಕ ರೈಟ್ ಅವರ ಗಣಿತದಿಂದಲೇ ಬಂದದ್ದು. 2024ರಲ್ಲಿ ಮಹಾರಾಷ್ಟ್ರದ ತಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣುಹುಲಿಗಳನ್ನು ಸಿಮಿಲಿಪಾಲ್‌ಗೆ ತಂದದ್ದು ಇದಕ್ಕಾಗಿಯೇ. ಜೀನತ್ ಅಲ್ಲಿಂದ ಹೊರಟು ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳದ ಬಾಂಕುಡಾ ತಲುಪಿಬಿಟ್ಟಿತ್ತು. ಡಿಸೆಂಬರ್ ಕೊನೆಯಲ್ಲಿ ಹಿಡಿದು ವಾಪಸ್ ತಂದರು. ಇವು ಅಲ್ಲಿನ ಕರಿ ಗಂಡುಹುಲಿಯ ಜೊತೆ ಕೂಡಿದರೆ ಹುಟ್ಟುವ ಮರಿಗಳೆಲ್ಲ ಮಾಮೂಲಿ ಪಟ್ಟೆಯವೇ ಆಗಿರುತ್ತವೆ. ಪ್ರತಿ ಮರಿಯಲ್ಲೂ ಬದಲಾದ ಒಂದು ಪ್ರತಿ ಇದ್ದೇ ಇರುತ್ತದೆ. ಹಾಗಾಗಿ ಕರಿ ಹುಲಿ ಸ್ವಲ್ಪ ಕಮ್ಮಿಯಾದರೂ ಆ ಜೀನ್ ಕಾಡಿನಿಂದ ಒಮ್ಮೆಲೇ ಹೋಗಿಬಿಡುವುದಿಲ್ಲ.